ಕರಿಯ ಕಲ್ಲು, ಹೊಸ ಕಲ್ಲು

ಕಟ್ಟಡವೊಂದು ಬಿದ್ದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಬೇಕೆ, ಅಥವಾ ಬಿದ್ದ ಹಾಗೆಯೇ ಬಿಡಬೇಕೆ? ವಾಸದ ಮನೆಯ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ನೆಲೆ ಬೇಕಾದವರು ಕಟ್ಟಿಯೇ ಕಟ್ಟುತ್ತಾರೆ. ಆದರೆ ಹಲವು ತಲೆಮಾರುಗಳ ಶ್ರದ್ಧೆ, ಶ್ರಮ, ಕಲೆಗಳು ಒಂದುಗೂಡಿ ನಿಂತಿದ್ದ ಆರಾಧನಾ ಮಂದಿರವೊಂದು ಮನುಷ್ಯನ ಕೈಯಿಂದಲೇ ನಾಶವಾದಾಗ ಈ ಪ್ರಶ್ನೆಯು ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಪ್ರಾಚೀನ ಚರ್ಚುಗಳನ್ನು ಕಳೆದುಕೊಂಡ ಯೂರೋಪಿನ ಎರಡು ನಗರಗಳು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡವು. ಒಂದು ಇಂಗ್ಲೆಂಡಿನ ಕಾವೆಂಟ್ರಿ. ಮತ್ತೊಂದು ಜರ್ಮನಿಯ ಡ್ರೆಸ್ಡನ್.

1940ನೆಯ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಕಾವೆಂಟ್ರಿಯ ಮೇಲೆ ಬಾಂಬಿನ ಮಳೆಗರೆದವು. ಐನೂರಕ್ಕೂ ಹೆಚ್ಚು ಜನ ಮಡಿದರು. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ನಿರ್ಮಾಣವಾದ ಸಂತ ಮೈಕೇಲನ ಕೆಥೆಡ್ರಲ್ ಸುಟ್ಟುಹೋಯಿತು. ಹೊರಗೋಡೆಗಳೂ ಎತ್ತರವಾದ ಶಿಖರವೂ ಮಾತ್ರ ಉಳಿದವು. ಬೂದಿಯ ನಡುವೆ ಅರ್ಧ ಸುಟ್ಟ ಎರಡು ತೊಲೆಗಳು ಶಿಲುಬೆಯಾಕಾರದಲ್ಲಿ ಬಿದ್ದಿದ್ದುದನ್ನು ಕಂಡ ಕಲ್ಲುಕುಟಿಗನೊಬ್ಬನು ಅವನ್ನು ಹಾಗೆಯೇ ಕಟ್ಟಿ ನಿಲ್ಲಿಸಿದನು. ಚರ್ಚಿನ ಮುಖ್ಯಸ್ಥರಾಗಿದ್ದ ರಿಚರ್ಡ್ ಹೋವರ್ಡ್‌ರವರು ಬಲಿಪೀಠದ ಹಿಂದಿನ ಗೋಡೆಯ ಮೇಲೆ ಕ್ಷಮೆಯನ್ನು ಬೇಡುವ ಎರಡೇ ಪದಗಳನ್ನು ಕೆತ್ತಿಸಿದರು. ಯಾರನ್ನು ಕ್ಷಮಿಸಬೇಕೆಂದು ಆ ಬರಹವು ಹೇಳುವುದಿಲ್ಲ. ಕ್ಷಮೆಯ ಅಗತ್ಯವು ಶತ್ರುವಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ ಎಂಬುದೇ ಅದರ ಇಂಗಿತ.

ಯುದ್ಧಾನಂತರ ಹೊಸ ಕೆಥೆಡ್ರಲ್‌ಗಾಗಿ ಸ್ಪರ್ಧೆಯೊಂದು ನಡೆಯಿತು. ಬಂದ ಇನ್ನೂರಕ್ಕೂ ಹೆಚ್ಚು ನಕ್ಷೆಗಳಲ್ಲಿ ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿಯದು ಆಯ್ಕೆಯಾಯಿತು. ಅವರು ಪಾಳುಗೋಡೆಗಳನ್ನು ಮುಟ್ಟಲಿಲ್ಲ. ಅವುಗಳ ಮಗ್ಗುಲಲ್ಲಿಯೇ ಹೊಸ ಮಂದಿರವನ್ನು ನಿರ್ಮಿಸಿ, ನಡುವೆ ಒಂದು ವಿಶಾಲವಾದ ಗಾಜಿನ ತೆರೆಯನ್ನಿಟ್ಟರು. ಒಳಗೆ ನಿಂತವನಿಗೆ ಹೊರಗಿನ ಪಾಳು ಗಾಜಿನ ಮೂಲಕ ಕಾಣುತ್ತದೆ. 1962ರಲ್ಲಿ ಪ್ರತಿಷ್ಠಾಪನೆಗೊಂಡ ಈ ಮಂದಿರದಲ್ಲಿ ಗಾಯವೂ ಗುಣವೂ ಅಕ್ಕಪಕ್ಕದಲ್ಲಿವೆ.

ಡ್ರೆಸ್ಡನ್ನಿನ ಕಥೆ ಬೇರೆ. ಮಾತೆ ಮರಿಯಳ ಹೆಸರಿನ ಅಲ್ಲಿಯ ಫ್ರಾವನ್‌ಕಿರ್ಶೆ ಚರ್ಚನ್ನು 1726ರಿಂದ 1743ರವರೆಗೆ ಕಟ್ಟಲಾಯಿತು. ಅದರ ಶಿಲ್ಪಿ ಜಾರ್ಜ್ ಬೇರ್. ಗಂಟೆಯಾಕಾರದ ಅದರ ಗುಮ್ಮಟವು ಪೂರ್ಣವಾಗಿ ಮರಳುಗಲ್ಲಿನದು. ಭಾರ ಸುಮಾರು 12,000 ಟನ್. ಅಷ್ಟು ಭಾರವನ್ನು ಒಳಗಿನ ಎಂಟು ಕಂಬಗಳು ಹೊತ್ತಿದ್ದವು. 1945ರ ಫೆಬ್ರವರಿ 13 ಮತ್ತು 14ರಂದು ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ನಗರವನ್ನು ಸುಟ್ಟವು. ಸುಮಾರು 25,000 ಜನ ಸತ್ತರು. ಚರ್ಚು ಮಾತ್ರ ಎರಡು ದಿನ ನಿಂತಿದ್ದಿತು. ಬೆಂಕಿಯ ಕಾವಿನಿಂದ ಕಂಬಗಳು ಶಕ್ತಿಗುಂದಿ, 15ರ ಬೆಳಗ್ಗೆ ಗುಮ್ಮಟವು ಕುಸಿದು ನೆಲಕಚ್ಚಿತು. ಆ ಕಲ್ಲುಗಳ ರಾಶಿ ನಾಲ್ವತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಬಿದ್ದಿದ್ದಿತು. 1982ರಿಂದ ನಗರದ ತರುಣರು ದಾಳಿಯ ದಿನದಂದು ಅಲ್ಲಿ ಮೋಂಬತ್ತಿ ಹಚ್ಚಿ ಶಾಂತಿಗಾಗಿ ಮೌನವಾಗಿ ನಿಲ್ಲತೊಡಗಿದರು.

ಜರ್ಮನಿಯು ಒಂದಾದ ಮೇಲೆ ಚರ್ಚನ್ನು ಮೊದಲಿದ್ದಂತೆಯೇ ಕಟ್ಟಬೇಕೆಂಬ ಕೂಗು ಎದ್ದಿತು. ಅದಕ್ಕೆ ವಿರೋಧವೂ ಇದ್ದಿತು. ಕಲ್ಲಿನ ರಾಶಿಗಿಂತ ಮಿಗಿಲಾದ ಯುದ್ಧಸ್ಮಾರಕವುಂಟೆ ಎಂದು ಕೆಲವರು ಕೇಳಿದರು. ಈ ವಿರೋಧವು ಅಲಕ್ಷಿಸತಕ್ಕದ್ದಲ್ಲ. ಹಳೆಯ ಕಟ್ಟಡದ ಪುನರ್ನಿರ್ಮಾಣವೆಂಬುದು ಒಂದು ಸುಳ್ಳು ಎಂದು ಆಂಗ್ಲ ಲೇಖಕ ಜಾನ್ ರಸ್ಕಿನ್ 1849ರಷ್ಟು ಹಿಂದೆಯೇ ವಾದಿಸಿದ್ದನು. ಸತ್ತ ಶಿಲ್ಪಿಯ ಕೈಯನ್ನು ಮರಳಿ ತರಲು ಯಾರಿಂದಲೂ ಆಗದು. ಹೊಸ ಕಲ್ಲಿಗೆ ಹಳೆಯ ವೇಷ ಹಾಕಿದರೆ ನೋಡುವವನು ಮೋಸಹೋಗುತ್ತಾನೆ. ಅಷ್ಟೇ ಅಲ್ಲ, ಯುದ್ಧವೇ ನಡೆಯಲಿಲ್ಲವೇನೋ ಎಂಬ ಭ್ರಮೆಯೂ ಹುಟ್ಟುತ್ತದೆ. ಗುರುತು ಅಳಿದ ತಪ್ಪು ಬೇಗ ಮರೆತುಹೋಗುತ್ತದೆ. ಮರೆತ ತಪ್ಪನ್ನು ಮನುಷ್ಯನು ಮತ್ತೆ ಮಾಡುತ್ತಾನೆ.

ಆದರೆ ಡ್ರೆಸ್ಡನ್ನಿನವರು ಮಾಡಿದ ಕೆಲಸವನ್ನು ನೋಡಿದರೆ ಈ ಆಕ್ಷೇಪಣೆಗೆ ಉತ್ತರ ದೊರೆಯುತ್ತದೆ. ಅವರು ರಾಶಿಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅಳೆದು, ಗುರುತು ಹಾಕಿದರು. ಯಾವ ಕಲ್ಲು ಎಲ್ಲಿದ್ದಿತೆಂಬುದನ್ನು ಹಳೆಯ ಚಿತ್ರಗಳ ಮತ್ತು ಗಣಕಯಂತ್ರದ ನೆರವಿನಿಂದ ಕಂಡುಹಿಡಿದರು. ಹೀಗೆ ಸುಮಾರು 3,800 ಹಳೆಯ ಕಲ್ಲುಗಳನ್ನು ಹೊಸ ಕಟ್ಟಡದಲ್ಲಿ ಸೇರಿಸಿದರು. ಹಳೆಯವು ಕಪ್ಪು, ಹೊಸವು ನಸುಹಳದಿ. ಈ ಭೇದವನ್ನು ಬಣ್ಣ ಬಳಿದು ಮುಚ್ಚಲಿಲ್ಲ. 2005ರಲ್ಲಿ ಮತ್ತೆ ತೆರೆದ ಚರ್ಚಿನ ಗೋಡೆಗಳ ಮೇಲೆ ಕರಿಯ ಕಲ್ಲುಗಳು ಅಲ್ಲಲ್ಲಿ ಎದ್ದು ಕಾಣುತ್ತಿದ್ದವು. ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬ ಲೆಕ್ಕವನ್ನು ಗೋಡೆಯೇ ಒಪ್ಪಿಸುತ್ತಿದ್ದಿತು. ಇದು ಸುಳ್ಳಲ್ಲ, ಮುಚ್ಚುಮರೆಯಿಲ್ಲದ ಸತ್ಯ.

ಗುಮ್ಮಟದ ತುದಿಯ ಶಿಲುಬೆಯ ಸಂಗತಿಯು ಇನ್ನೂ ಹೃದಯಸ್ಪರ್ಶಿಯಾದುದು. ಅದು ಬ್ರಿಟನ್ನಿನ ಜನರ ಕಾಣಿಕೆ. ಅದನ್ನು ರೂಪಿಸಿದ ಲಂಡನ್ನಿನ ಅಕ್ಕಸಾಲಿಗ ಅಲನ್ ಸ್ಮಿತ್‌ರವರ ತಂದೆ ಡ್ರೆಸ್ಡನ್ನಿನ ಮೇಲೆ ಬಾಂಬು ಹಾಕಿದ ವಿಮಾನಚಾಲಕರಲ್ಲಿ ಒಬ್ಬರು. ತಂದೆ ಕೆಡವಲು ಹೋದ ನಗರದ ನೆತ್ತಿಗೆ ಮಗ ಶಿಲುಬೆಯನ್ನಿಟ್ಟನು. ಕಲ್ಲಿನ ರಾಶಿಯು ರಾಶಿಯಾಗಿಯೇ ಉಳಿದಿದ್ದರೆ ಇಂಥ ಪ್ರಾಯಶ್ಚಿತ್ತಕ್ಕೆ ಎಡೆಯಿರುತ್ತಿರಲಿಲ್ಲ. ಪಾಳು ದುಃಖವನ್ನು ಕಾಪಾಡಬಲ್ಲದು. ಆದರೆ ಒಡೆದವನಿಗೂ ಕಟ್ಟುವ ಅವಕಾಶವನ್ನು ಕೊಡುವುದು ಪುನರ್ನಿರ್ಮಾಣ ಮಾತ್ರ.

ಹಾಗೆಂದು ಕಾವೆಂಟ್ರಿಯ ದಾರಿ ತಪ್ಪೆಂದಲ್ಲ. ಒಂದು ನಗರ ಪಾಳನ್ನು ಉಳಿಸಿ ಪಕ್ಕದಲ್ಲಿ ಹೊಸದನ್ನು ಕಟ್ಟಿತು. ಇನ್ನೊಂದು ಪಾಳನ್ನೇ ಹೊಸದರ ಮೈಯೊಳಗೆ ಸೇರಿಸಿಕೊಂಡಿತು. ದಾರಿ ಬೇರೆಯಾದರೂ ಎರಡೂ ಗಾಯವನ್ನು ಮರೆಮಾಡಲಿಲ್ಲ. ಬಿದ್ದುದನ್ನು ಕಟ್ಟುವುದೋ ಬಿಡುವುದೋ ಎಂಬುದು ಆಯಾ ಊರಿನ ಜನರ ವಿವೇಚನೆಗೆ ಸೇರಿದ್ದು. ಆದರೆ ನಡೆದುದನ್ನು ನಡೆಯಲಿಲ್ಲವೆಂಬಂತೆ ತೋರಿಸುವ ಹಕ್ಕು ಯಾರಿಗೂ ಇಲ್ಲ. ಕಟ್ಟುವವರು ಪಾಲಿಸಬೇಕಾದ ನಿಯಮ ಇದೊಂದೇ.

ಗಾಳಿಗೂ ಮಳೆಗೂ ಒಡ್ಡಿಕೊಂಡು ಕಾಲಕ್ರಮದಲ್ಲಿ ಕಪ್ಪಾಗುವುದು ಡ್ರೆಸ್ಡನ್ನಿನ ಮರಳುಗಲ್ಲಿನ ಸ್ವಭಾವ. ಆದುದರಿಂದ ಅಲ್ಲಿಯ ಹೊಸ ಕಲ್ಲುಗಳೂ ಮುಂದೊಂದು ದಿನ ಹಳೆಯವುಗಳ ಬಣ್ಣಕ್ಕೆ ತಿರುಗುವುವು. ಆಗ ಗೋಡೆಯನ್ನು ನೋಡಿ ಕಥೆಯನ್ನು ತಿಳಿಯುವುದು ಕಷ್ಟವಾಗುವುದು. ಗಾಯವು ಮಾಯುವುದು ಕಾಲದ ಕೆಲಸ. ಅದಕ್ಕೆ ಯಾರೂ ಅಡ್ಡಬರಬೇಕಾಗಿಲ್ಲ. ಆದರೆ ಕಲ್ಲು ಹೇಳುವುದನ್ನು ನಿಲ್ಲಿಸಿದ ದಿನದಿಂದ ಆ ಕಥೆಯನ್ನು ಹೇಳುವ ಹೊಣೆಯು ಹಿರಿಯರದು, ಕೇಳಿ ನೆನಪಿನಲ್ಲಿಡುವ ಹೊಣೆಯು ಕಿರಿಯರದು.