ಅಷ್ಟು ಓದಿದವರು ಕೊಲೆಗೆ ಇಳಿಯುವುದೇಕೆ? ಮನೆಯವರು ತಿಳಿದಿರಬೇಕಾದದ್ದು

2024ರ ಡಿಸೆಂಬರ್ 4ರ ಬೆಳಿಗ್ಗೆ ನ್ಯೂಯಾರ್ಕಿನ ಹೋಟೆಲೊಂದರ ಎದುರು ಬ್ರಯಾನ್ ಥಾಂಪ್ಸನ್ ಎಂಬವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರು ಅಮೆರಿಕದ ದೊಡ್ಡ ಆರೋಗ್ಯ ವಿಮಾ ಕಂಪನಿ ಯುನೈಟೆಡ್‌ಹೆಲ್ತ್‌ಕೇರ್‌ನ ಮುಖ್ಯಸ್ಥರು. ಐದು ದಿನಗಳ ನಂತರ ಸಿಕ್ಕಿಬಿದ್ದ ಆರೋಪಿ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ 26ರ ಯುವಕ. ತಾನು ತಪ್ಪಿತಸ್ಥನಲ್ಲ ಎಂದು ಆತ ಕೋರ್ಟಿನಲ್ಲಿ ಹೇಳಿದ್ದಾನೆ. ಸತ್ಯವೇನೆಂದು ಹೇಳಬೇಕಾದ್ದು ಕೋರ್ಟು.

ಆದರೆ ಸುದ್ದಿ ಓದಿದವರಲ್ಲಿ ಎರಡು ಮಾತು ಕೇಳಿಬಂದವು. ಒಂದು, "ಇಷ್ಟು ಓದಿದವನು ಹೀಗೆ ಮಾಡುತ್ತಾನೆಯೇ? ತಲೆ ಕೆಟ್ಟಿರಬೇಕು." ಇನ್ನೊಂದು, "ವಿಮಾ ಕಂಪನಿಗೆ ಹೀಗೇ ಆಗಬೇಕು." ಕ್ಲೇಮ್ ತಿರಸ್ಕಾರವಾಗಿ ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ನಿಂತವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ ಈ ಎರಡು ಮಾತುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಏಕೆಂದು ತಿಳಿಯಲು ವಿಚಾರಣೆ ಮುಗಿದು ಎಲ್ಲ ವಿವರವೂ ಹೊರಬಂದಿರುವ ಹಳೆಯ ಪ್ರಕರಣವೊಂದನ್ನು ನೋಡೋಣ.

16ನೇ ವಯಸ್ಸಿಗೆ ಹಾರ್ವರ್ಡ್

ಟೆಡ್ ಕಝಿನ್ಸ್ಕಿ ಹುಟ್ಟಿದ್ದು 1942ರಲ್ಲಿ, ಶಿಕಾಗೋದಲ್ಲಿ. 16ನೇ ವಯಸ್ಸಿಗೇ ಹಾರ್ವರ್ಡ್ ಸೇರಿದ. 1967ರಲ್ಲಿ ಗಣಿತದಲ್ಲಿ ಪಿಎಚ್‌.ಡಿ. ಪಡೆದು ಬರ್ಕ್‌ಲಿಯಲ್ಲಿ ಅಧ್ಯಾಪಕನಾದ. 1969ರಲ್ಲಿ ಕೆಲಸ ಬಿಟ್ಟು, ಮುಂದೆ ಮೊಂಟಾನಾದ ಕಾಡಿನಲ್ಲಿ ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಗುಡಿಸಲಿನಲ್ಲಿ ಒಬ್ಬನೇ ವಾಸಿಸತೊಡಗಿದ. 1978ರಿಂದ 1995ರವರೆಗೆ 16 ಬಾಂಬ್‌ಗಳನ್ನು ಅಂಚೆಯಲ್ಲಿ ಕಳಿಸಿದ ಇಲ್ಲವೇ ಇಟ್ಟುಬಂದ. ಮೂವರು ಸತ್ತರು, 23 ಮಂದಿ ಗಾಯಗೊಂಡರು. ಯಂತ್ರನಾಗರಿಕತೆ ಮನುಷ್ಯನ ಸ್ವಾತಂತ್ರ್ಯವನ್ನು ನುಂಗುತ್ತಿದೆ ಎಂಬುದು ಅವನ ವಾದ.

ಆದರೆ ಸತ್ತವರು ಯಾರು? ಒಬ್ಬರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದವರು, ಒಬ್ಬರು ಜಾಹೀರಾತು ಕ್ಷೇತ್ರದ ಅಧಿಕಾರಿ. ಮೂರನೆಯವರು ಅರಣ್ಯೋದ್ಯಮ ಸಂಘದ ಅಧ್ಯಕ್ಷರು. ಅವರು ತೆರೆದ ಪೊಟ್ಟಣದ ಮೇಲಿದ್ದದ್ದು ಹಿಂದಿನ ಅಧ್ಯಕ್ಷರ ಹೆಸರು. ವ್ಯವಸ್ಥೆಯನ್ನು ಹೊಡೆಯುತ್ತೇನೆಂದು ಹೊರಟವನ ಪೆಟ್ಟು ಬಿದ್ದದ್ದು ಅಂಚೆ ಬಿಡಿಸಿದವರ ಮೇಲೆ. ವ್ಯವಸ್ಥೆ ಅಲುಗಲಿಲ್ಲ.

ಬುದ್ಧಿ ಏಕೆ ತಡೆಯಲಿಲ್ಲ?

ಬುದ್ಧಿ ಇದ್ದರೆ ವಿವೇಕವೂ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮನಸ್ಸು ಮೊದಲೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರೆ, ಬುದ್ಧಿ ವಕೀಲನ ಹಾಗೆ ಅದರ ಪರ ವಾದ ಹೂಡುತ್ತದೆ. ಬುದ್ಧಿ ಚುರುಕಾದಷ್ಟೂ ವಾದ ಗಟ್ಟಿ.

ಹಿಂಸೆಯ ಹಾದಿಗೆ ಮೂರು ಸಂಗತಿ ಸೇರಬೇಕು ಎನ್ನುತ್ತಾರೆ ಮನೋವಿಜ್ಞಾನಿ ಆರಿ ಕ್ರುಗ್ಲಾನ್ಸ್ಕಿ. ನನಗೂ ಬೆಲೆಯಿದೆ ಎನಿಸಬೇಕೆಂಬ ಹಸಿವು ಒಂದು. ಆ ಬೆಲೆ ಹಿಂಸೆಯಿಂದ ಸಿಗುತ್ತದೆ ಎಂದು ಹೇಳುವ ಕಥನ ಎರಡನೆಯದು. ಅದನ್ನು ಹೌದೆನ್ನುವ ಬಳಗ ಮೂರನೆಯದು. ಓದಿದವರಲ್ಲಿ ಮೊದಲನೆಯ ಹಸಿವು ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಡಿಯೆಗೊ ಗಂಬೆಟ್ಟಾ ಮತ್ತು ಸ್ಟೆಫೆನ್ ಹರ್ಟೋಗ್ 2016ರ ತಮ್ಮ ಪುಸ್ತಕದಲ್ಲಿ, ಮುಸ್ಲಿಂ ದೇಶಗಳ ಉಗ್ರವಾದಿಗಳಲ್ಲಿ ಎಂಜಿನಿಯರುಗಳ ಪಾಲು ಎದ್ದುಕಾಣುವಷ್ಟು ಹೆಚ್ಚಿರುವುದನ್ನು ತೋರಿಸಿದರು. ಅವರು ಕೊಟ್ಟ ಕಾರಣಗಳಲ್ಲೊಂದು, ಓದು ಕೊಟ್ಟ ಆಸೆಗೂ ಸಿಕ್ಕ ಬದುಕಿಗೂ ನಡುವಿನ ಅಂತರ.

ಇದರ ಜೊತೆಗೆ ಒಂಟಿತನ ಸೇರಿದರೆ "ಇದು ಸರಿಯಲ್ಲ ಕಣೋ" ಎನ್ನುವ ದನಿಯೇ ಇಲ್ಲವಾಗುತ್ತದೆ. ಕಝಿನ್ಸ್ಕಿಯ ಗುಡಿಸಲಿಗೆ ಆ ದನಿ ತಲುಪುತ್ತಿರಲಿಲ್ಲ. ಇಂದು ಅದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಬಾಗಿಲು ಹಾಕಿಕೊಂಡ ಕೋಣೆ, ಕೈಯಲ್ಲೊಂದು ಫೋನು ಸಾಕು. ಹೌದೆನ್ನುವ ಬಳಗ ಅದರೊಳಗೇ ಸಿಗುತ್ತದೆ.

ಇದು ಮಾನಸಿಕ ಕಾಯಿಲೆಯೇ?

ಕೋರ್ಟಿಗಾಗಿ ಕಝಿನ್ಸ್ಕಿಯನ್ನು ಪರೀಕ್ಷಿಸಿದ ಮನೋವೈದ್ಯೆ, ಸ್ಕಿಜೋಫ್ರೇನಿಯಾ ಇರಬಹುದೆಂದು ತಾತ್ಕಾಲಿಕವಾಗಿ ಗುರುತಿಸಿದರು. ವಿಚಾರಣೆ ಎದುರಿಸಲು ಅವನು ಸಮರ್ಥನೆಂದೂ ಹೇಳಿದರು. ಹುಚ್ಚನೆಂಬ ಹೆಸರಿನಲ್ಲಿ ಬಚಾವಾಗಲು ಅವನೇ ಒಪ್ಪದೆ, 1998ರಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆ ಪಡೆದ.

ಪಾಲ್ ಗಿಲ್ ಮತ್ತು ಸಂಗಡಿಗರು 2014ರಲ್ಲಿ, ಒಂಟಿಯಾಗಿ ದಾಳಿಗಿಳಿದ 119 ಮಂದಿಯ ಅಧ್ಯಯನ ಪ್ರಕಟಿಸಿದರು. ಮಾನಸಿಕ ಕಾಯಿಲೆಯ ಇತಿಹಾಸ ಕಂಡದ್ದು ಸುಮಾರು ಮೂರನೇ ಒಂದು ಭಾಗದವರಲ್ಲಿ. ಹಾಗಾಗಿ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಲಾಗದು. ಆದರೆ ಕಾಯಿಲೆಯೊಂದೇ ಕಾರಣ ಎಂಬುದೂ ಸುಳ್ಳು. ಇದನ್ನು ತಿರುವುಮುರುವು ಮಾಡಿ ಓದಬೇಡಿ: ಸ್ಕಿಜೋಫ್ರೇನಿಯಾ ಇರುವ ಬಹುಪಾಲು ಜನ ಎಂದೂ ಹಿಂಸೆಗೆ ಇಳಿಯುವುದಿಲ್ಲ. ಅವರು ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಇಂಥ ಮಾತ್ರೆಗಳ ಚೀಟಿ ಹಿಡಿದು ಔಷಧಿ ಅಂಗಡಿಗೆ ಬರುವವರು ದನಿ ತಗ್ಗಿಸಿ ಮಾತಾಡುವುದನ್ನು ನಾನು ನೋಡಿದ್ದೇನೆ. "ತಲೆ ಕೆಟ್ಟಿರಬೇಕು" ಎಂಬ ಸುದ್ದಿಮನೆಯ ಮಾತು ಅವರ ದನಿಯನ್ನು ಇನ್ನಷ್ಟು ತಗ್ಗಿಸುತ್ತದೆ. ನಾಚಿಕೆಯಿಂದ ಚಿಕಿತ್ಸೆ ನಿಂತರೆ ನಷ್ಟ ಆ ಮನೆಗೇ.

ಮೊದಲು ಗೊತ್ತಾಗುವುದು ಹತ್ತಿರದವರಿಗೆ

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವಿದೆ. ಸುಮಾರು 64 ಶೇಕಡಾ ಪ್ರಕರಣಗಳಲ್ಲಿ ಆ ವ್ಯಕ್ತಿ ತನ್ನ ಉದ್ದೇಶವನ್ನು ಮನೆಯವರಿಗೋ ಗೆಳೆಯರಿಗೋ ಬಾಯಿಬಿಟ್ಟು ಹೇಳಿದ್ದ.

ಕಝಿನ್ಸ್ಕಿಯನ್ನು ಹಿಡಿದುಕೊಟ್ಟದ್ದೂ ಮನೆಯವರೇ. 1995ರ ಸೆಪ್ಟೆಂಬರಿನಲ್ಲಿ ಅವನ ದೀರ್ಘ ಬರಹ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅಚ್ಚಾಯಿತು. ಬರೆದವನು ಭಾವನೇ ಇರಬಹುದೆಂಬ ಅನುಮಾನ ಮೊದಲು ಬಂದದ್ದು ತಮ್ಮ ಡೇವಿಡ್‌ನ ಹೆಂಡತಿ ಲಿಂಡಾಗೆ. ಓದಿದ ಡೇವಿಡ್‌ಗೆ ಅಣ್ಣನ ಮಾತಿನ ವರಸೆ ಗುರುತು ಸಿಕ್ಕಿತು. ಹೇಳಿದರೆ ಅಣ್ಣನಿಗೆ ಮರಣದಂಡನೆ ಆಗಬಹುದು, ಹೇಳದಿದ್ದರೆ ಮತ್ತೊಬ್ಬರು ಸಾಯಬಹುದು. ಡೇವಿಡ್ ಹೇಳಿದ. 1996ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಬಹುಮಾನವಾಗಿ ಬಂದ 10 ಲಕ್ಷ ಡಾಲರಿನ ಬಹುಪಾಲನ್ನು ಡೇವಿಡ್ ಸಂತ್ರಸ್ತರ ಕುಟುಂಬಗಳಿಗೆ ಕೊಟ್ಟ.

ನೀವು ಏನು ಮಾಡಬಹುದು?

ಸಿಟ್ಟು ಅಪಾಯದ ಗುರುತಲ್ಲ. ರಾಜಕೀಯ ಮಾತಾಡುವುದೂ ಅಲ್ಲ. ಒಬ್ಬನೇ ವ್ಯಕ್ತಿ ಅಥವಾ ಸಂಸ್ಥೆಯ ಸುತ್ತ ಯೋಚನೆ ಸುತ್ತುತ್ತಿದ್ದರೆ, ಹಳೆಯ ಕೊಲೆಗಾರರನ್ನು ಮೆಚ್ಚಿ ಮಾತಾಡಿದರೆ, "ಇನ್ನು ಬೇರೆ ದಾರಿಯಿಲ್ಲ" ಎಂದರೆ, ಆಪ್ತರನ್ನೆಲ್ಲ ದೂರವಿಟ್ಟರೆ ಗಮನಿಸಿ. ವಾದಕ್ಕೆ ಇಳಿಯಬೇಡಿ, ವಾದದಲ್ಲಿ ಅವರೇ ಗೆಲ್ಲಬಹುದು. ಊಟಕ್ಕೆ ಕರೆಯಿರಿ, ಏನಾಯಿತೆಂದು ಕೇಳಿ, ಮಾತು ನಿಲ್ಲದಂತೆ ನೋಡಿಕೊಳ್ಳಿ.

ಸಲಹೆ ಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಶುಲ್ಕವಿಲ್ಲ, ಹಗಲು ರಾತ್ರಿ ಸಿಗುತ್ತದೆ, ಮನೆಯವರೂ ಮಾತಾಡಬಹುದು. ಯಾರಿಗೋ ಹಾನಿ ಮಾಡುವ ಯೋಜನೆ ಕಿವಿಗೆ ಬಿದ್ದರೆ, ಕೈಯಲ್ಲಿ ಆಯುಧ ಕಂಡರೆ ಕಾಯದೆ 112ಕ್ಕೆ ಹೇಳಿ.

ಇನ್ನು ವಿಮೆಯ ಮೇಲಿನ ಸಿಟ್ಟಿಗೂ ನಮ್ಮಲ್ಲಿ ದಾರಿಯಿದೆ. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿರಸ್ಕಾರದ ಪತ್ರ, ಪಾಲಿಸಿ, ಬಿಲ್ಲುಗಳ ಪ್ರತಿಯನ್ನು ಒಂದು ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.