ಟ್ಯಾಮರಿಂಡ್ ಯಾರಪ್ಪನ ಆಸ್ತಿ?



ಮೊನ್ನೆ ಬಡವನಹಳ್ಳಿಯ ನಮ್ಮ ಪ್ರೆಸ್ಸಿಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಬಂದಿದ್ದ. ಅಪ್ಪನ ಹೊಲದ ಹುಣಸೆಹಣ್ಣನ್ನು ಪೊಟ್ಟಣ ಕಟ್ಟಿ ಮಾರಲು ಲೇಬಲ್ ಬೇಕಂತೆ. "ಹುಣಸೆ ಅಂತ ಹಾಕಬೇಡಿ ಅಣ್ಣ, ಹಳ್ಳಿ ಮಾಲು ಅಂತಾರೆ. ಇಂಗ್ಲಿಷಿನಲ್ಲಿ ಟ್ಯಾಮರಿಂಡ್ ಅಂತಿರಲಿ" ಅಂದ.

ಅದ್ಯಾವ ಇಂಗ್ಲಿಷಪ್ಪಾ? ಅರಬರು ಹುಣಸೆಗಿಟ್ಟ ಹೆಸರು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ. ಅದೇ ಲ್ಯಾಟಿನ್ ದಾಟಿ ಟ್ಯಾಮರಿಂಡ್ ಆಯಿತು. ನಮ್ಮ ಅಡಿಕೆಯ ಒಡಹುಟ್ಟಾದ ಮಲೆಯಾಳಂನ 'ಅಡಯ್ಕ' ಪೋರ್ಚುಗೀಸರ ಬಾಯಿಗೆ ಬಿದ್ದು 'ಅರೀಕ' ಆಯಿತು. ಸಾಲ ತಂದ ಇಂಗ್ಲಿಷಿಗೇ ನಾಚಿಕೆಯಿಲ್ಲ, ಮನೆಯ ಮಾತಾಡಲು ನಮಗೇಕೆ?

ಕಂಪ್ಯೂಟರ್ ಮುಂದೆ ಕೂತು ಅಪ್ಪರ್ ಕೇಸ್, ಲೋಯರ್ ಕೇಸ್ ಅನ್ನುತ್ತೀರಲ್ಲ, ಅದು ಅಚ್ಚುಮೊಳೆ ಜೋಡಿಸುವವರ ಮಾತು! ಇಂಗ್ಲಿಷಿನ ದೊಡ್ಡಕ್ಷರದ ಮೊಳೆಗಳು ಮೇಲಿನ ಮರದ ಕೇಸಿನಲ್ಲಿ, ಚಿಕ್ಕವು ಕೆಳಗಿನದರಲ್ಲಿ. ಕನ್ನಡದ ಅಕ್ಷರಕ್ಕೆ ಆ ದೊಡ್ಡದು ಚಿಕ್ಕದು ಇಲ್ಲ. ಒತ್ತು, ಗುಣಿತಕ್ಕೆಲ್ಲ ಮನೆಗಳು ಮಾತ್ರ ಹೆಚ್ಚು. ಹುಡುಗನಾಗಿದ್ದಾಗ ಜೋಡಿಸಿ ನನ್ನ ಕೈ ಸೋತದ್ದುಂಟು.

ನಮ್ಮವರೂ ಕಡಿಮೆಯಿಲ್ಲ. 'ಅಚ್ಚಕನ್ನಡವೇ ಬೇಕು' ಎನ್ನುವ ಕರಪತ್ರದ ಮೊದಲ ಸಾಲಿನಲ್ಲೇ ರೈತ, ಜಮೀನು! ರೈತ ಅರಬ್ಬಿಯಿಂದ ಬಂದದ್ದು, ಜಮೀನು ಪಾರಸಿಯಿಂದ. ಕರಪತ್ರ ತಂದವರ ಅಂಗಿಯ ಇಸ್ತ್ರಿಯೂ ಪೋರ್ಚುಗೀಸರದು. ಇವನ್ನು ಓಡಿಸಿ ಅನ್ನುತ್ತಿಲ್ಲ, ಕನ್ನಡ ಇವನ್ನು ಅರಗಿಸಿಕೊಂಡು ಎಷ್ಟೋ ಕಾಲವಾಯಿತು. ಆದರೆ ಟ್ಯಾಮರಿಂಡ್ ಬಂದು ಹುಣಸೆಯನ್ನೇ ಹೊರದಬ್ಬುವುದು ಬೇರೆ ಸಂಗತಿ. ಅದಕ್ಕೆ ನಮ್ಮ ತಕರಾರು. (ತಕರಾರೂ ಅರಬ್ಬಿಯದೇ, ಇರಲಿ!)

ಹುಡುಗ ಕೊನೆಗೆ ಒಪ್ಪಿದ. 'ಹುಣಸೆ' ದಪ್ಪಕ್ಷರದಲ್ಲಿ, ಅದರಡಿ ಸಣ್ಣದಾಗಿ ಟ್ಯಾಮರಿಂಡ್. ಮುಂಗಡ ಮಾತ್ರ ಇನ್ನೂ ಕೊಟ್ಟಿಲ್ಲ.