ಡಾಕ್ಟರನ್ನು ಗುಮ್ಮ ಮಾಡಿದ್ದು ಯಾರು?



ಮುಂದಿನ ವಾರ ಆರೋಗ್ಯ ತಪಾಸಣೆಗೆ ಡಾಕ್ಟರು ಬರುತ್ತಾರೆ ಎಂದು ಮೇಷ್ಟ್ರು ಪ್ರಾರ್ಥನೆಯಲ್ಲಿ ಹೇಳಿದ್ದೇ ತಡ, ಐದನೇ ಕ್ಲಾಸಿನ ಇಬ್ಬರಿಗೆ ಆಗಲೇ ಹೊಟ್ಟೆನೋವು ಶುರುವಾಗಿದೆ! ನಗುವವರು ನಗಲಿ. ನನ್ನ ಪ್ರಕಾರ ತಪ್ಪು ಮಕ್ಕಳದ್ದಲ್ಲ, ದೊಡ್ಡವರದ್ದು.

"ಉಣ್ಣದಿದ್ರೆ ಡಾಕ್ಟ್ರಿಗೆ ಹೇಳಿ ಸೂಜಿ ಚುಚ್ಚಿಸ್ತೀನಿ ನೋಡು" ಎಂದು ಮನೆಮನೆಯಲ್ಲೂ ಹೆದರಿಸುತ್ತಾರೆ. ಆಮೇಲೆ ನಿಜವಾಗಿ ಆಸ್ಪತ್ರೆಗೆ ಹೋಗುವ ದಿನ "ಬಾ ಮಗಾ, ಸಂತೆಗೆ ಹೋಗೋಣ" ಎಂದು ಸುಳ್ಳು ಹೇಳಿ ಕರ್ಕೊಂಡು ಹೋಗುತ್ತಾರೆ. ಇಂಥವರ ಮಾತನ್ನು ಮಗು ಎರಡನೇ ಸಲ ನಂಬೀತೇ?

ನನ್ನ ತಮ್ಮನಿಗೆ ಕಿವಿ ಸೋರುತ್ತದೆ. ಹೋದ ವರ್ಷ ತಪಾಸಣೆಯ ದಿನ ಹುಲ್ಲಿನ ಬಣವೆ ಹಿಂದೆ ಬಚ್ಚಿಟ್ಟುಕೊಂಡವನು ಸಂಜೆಗೇ ಬಂದದ್ದು. ಈಗ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. "ಕೊಬ್ಬು ಅವನಿಗೆ" ಅಂತಾರೆ ನಮ್ಮ ಬೀದಿಯವರು. ಕೊಬ್ಬಲ್ಲ, ಕೇಳಿಸುವುದಿಲ್ಲ. ಕಿವಿ ಸೋರುವುದನ್ನು ಬಹಳ ದಿನ ಹಾಗೇ ಬಿಟ್ಟರೆ ಕಿವಿತಮಟೆಯಲ್ಲಿ ತೂತು ಉಳಿದು ಕಿವಿ ಮಂದವಾಗಬಹುದು. ಅವನು ಹೆದರಿ ಓಡಿದ್ದು ಯಾತಕ್ಕೆ? ಕಿವಿಗೆ ಬ್ಯಾಟರಿ ಬಿಟ್ಟು ನೋಡುವುದಕ್ಕೆ! ತೂಕ, ಎತ್ತರ, ಕಣ್ಣು, ಹಲ್ಲು, ಚರ್ಮ ನೋಡುವುದಕ್ಕೆ ಸೂಜಿ ಬೇಕಿಲ್ಲ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಸೂಜಿ ಇದ್ದರೆ ಅದನ್ನೂ ಹೇಳಬೇಕು. 10 ಮತ್ತು 16 ವರ್ಷಕ್ಕೆ ಧನುರ್ವಾಯು, ಗಂಟಲುಮಾರಿ ಬಾರದಿರಲೆಂದು ಟಿಡಿ ಲಸಿಕೆ ಹಾಕುತ್ತಾರೆ. "ಇರುವೆ ಕಚ್ಚಿದಂಗೆ ಅಷ್ಟೇ" ಅನ್ನುವುದು ಬೇಡ. ಚುಚ್ಚುವಾಗ ನೋಯುತ್ತದೆ, ಮಾರನೇ ದಿನ ತೋಳೂ ನೋಯಬಹುದು, ಆಮೇಲೆ ಹೋಗುತ್ತದೆ ಎಂದರೆ ಸಾಕು. ಕೆಲವರಿಗೆ ಸೂಜಿ ಕಂಡರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. (ಕಬಡ್ಡಿ ಹುಲಿಗಳೂ ಬೀಳುತ್ತಾರೆ, ಹೆಸರು ಬರೆಯುವುದಿಲ್ಲ!) ಅಂಥವರು ನಾಚಿಕೊಳ್ಳದೆ ನರ್ಸಮ್ಮನಿಗೆ ಮೊದಲೇ ಹೇಳಿ ಮಲಗಿಕೊಂಡೇ ಹಾಕಿಸಿಕೊಳ್ಳಬಹುದು.

ದೊಡ್ಡವರೇನು ಕಡಿಮೆಯಿಲ್ಲ. ಡಾಕ್ಟರ ಎದುರು ಕೂತರೆ ನಮ್ಮ ಅಜ್ಜಿಗೆ ಬಿ.ಪಿ. ಏರುತ್ತದೆ, ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದರೆ ಇಳಿದಿರುತ್ತದೆ. ಗಾಬರಿಯಲ್ಲಿ ಹೇಳಬೇಕಾದ್ದೂ ಮರೆಯುತ್ತದೆ. ಅದಕ್ಕೇ ತಮ್ಮನ ಕಿವಿ ಯಾವಾಗಿನಿಂದ ಸೋರುತ್ತಿದೆ, ಯಾವ ಕಡೆಯದು, ನೋವಿದೆಯೋ ಇಲ್ಲವೋ ಎಲ್ಲಾ ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಲಿದ್ದೇನೆ.

ಮೇಷ್ಟ್ರಲ್ಲಿ ಒಂದು ವಿನಂತಿ. ಸಾಲಿನಲ್ಲಿ ಕಾದಷ್ಟೂ ಹೆದರಿಕೆ ಜಾಸ್ತಿ. ದಯಮಾಡಿ ಈ ಸಲ ಚಿಕ್ಕ ಕ್ಲಾಸಿನವರನ್ನು ಮೊದಲು ಕಳಿಸಿ. ನಾವು ಎಂಟನೆಯವರು ಕಾಯುತ್ತೇವೆ.

– 8ನೇ ತರಗತಿಯ ಒಬ್ಬ ವಿದ್ಯಾರ್ಥಿನಿ